ಕಂಪ್ಯೂಟರ್ ಹೇಳಿದ್ದೇ ಸರಿ ಅನ್ನುವ ಮುನ್ನ: ಸಹಿ ಹಾಕುವ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಯಾರಿಗೆ ಪಿಂಚಣಿ ಸಿಗಬೇಕು, ಯಾರಿಗೆ ಸಾಲ ಕೊಡಬೇಕು, ಯಾರನ್ನು ಕೆಲಸಕ್ಕೆ ಕರೆಯಬೇಕು, ಯಾರಿಗೆ ಮೊದಲು ಚಿಕಿತ್ಸೆ, ಯಾರ ಮೇಲೆ ಪೊಲೀಸರು ಕಣ್ಣಿಡಬೇಕು, ಇಂಥದ್ದನ್ನೆಲ್ಲ ಲೆಕ್ಕ ಹಾಕಿ ಹೇಳುವ ಸಾಫ್ಟ್‌ವೇರ್ ಕೊಳ್ಳೋಣ ಎಂದು ಫೈಲಿಗೆ ಸಹಿ ಹಾಕುವವರು ನೀವು. ಯಾವ ದೇಶದವರಾದರೂ ಸರಿ, ಯಾವ ಇಲಾಖೆಯವರಾದರೂ ಸರಿ, ಈ ಪತ್ರ ನಿಮಗೆ. ಅದನ್ನು ಬರೆದುಕೊಡುವ ಎಂಜಿನಿಯರುಗಳೂ ಓದಲಿ, ಅವರಿಗೂ ಒಂದೆರಡು ಮಾತು ಇದೆ.

ಯಂತ್ರ ಬೇಡ ಎಂದು ಹೇಳಲು ನಾನು ಬರೆಯುತ್ತಿಲ್ಲ. ಮನುಷ್ಯರು ಮಾಡಿದ ವಸ್ತುವಿನಲ್ಲಿ ಮನುಷ್ಯರ ತಪ್ಪು ಇದ್ದೇ ಇರುತ್ತದೆ. ಯಾವ ಮಾಹಿತಿ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು, ಯಾರ ಮೇಲೆ ಪರೀಕ್ಷೆ ಮಾಡಬೇಕು, ಎಷ್ಟು ತಪ್ಪಾದರೆ ಪರವಾಗಿಲ್ಲ, ಪ್ರತಿಯೊಂದನ್ನೂ ಯಾರೋ ಕೂತು ತೀರ್ಮಾನ ಮಾಡಿರುತ್ತಾರೆ. ನನ್ನನ್ನು ಕಾಡುವುದು ಆಮೇಲೆ ಆಗುವುದು. ಆ ತೀರ್ಮಾನ ಪರದೆಯ ಮೇಲೆ ಅಂಕಿಯಾಗಿ ಬಂದ ಕೂಡಲೇ ಅದು ಯಾರದೋ ತೀರ್ಮಾನ ಅನ್ನುವುದನ್ನೇ ಎಲ್ಲರೂ ಮರೆಯುತ್ತಾರೆ. ಪೆಟ್ಟು ತಿಂದವರು ಬಂದು 'ಇದು ತಪ್ಪು' ಎಂದರೆ ಕೇಳುವವರೇ ಇರುವುದಿಲ್ಲ. ತಪ್ಪು ಹುಟ್ಟಿದ್ದರಿಂದ ಹಾಳಾದವರಿಗಿಂತ, ಆ ತಪ್ಪು ವರ್ಷಗಟ್ಟಲೆ ಬದುಕಿದ್ದರಿಂದ ಹಾಳಾದವರೇ ಜಾಸ್ತಿ. ಮತ್ತು ಅದು ಬದುಕುವುದು ನಿಮ್ಮ ಕಚೇರಿಗಳಲ್ಲಿ.

ಬ್ರಿಟನ್ನಿನ ಪೋಸ್ಟ್ ಆಫೀಸ್ ಪ್ರಕರಣ ನಿಮಗೆ ಗೊತ್ತಿರಬಹುದು. ಆದರೂ ಸ್ವಲ್ಪ ವಿವರವಾಗಿ ಹೇಳುತ್ತೇನೆ. 1999ರಿಂದ ಅಲ್ಲಿನ ಅಂಚೆ ಕಚೇರಿಗಳಿಗೆ ಹೊರೈಜನ್ ಎಂಬ ಲೆಕ್ಕದ ಸಾಫ್ಟ್‌ವೇರ್ ಬಂತು. ಅದು ಫುಜಿತ್ಸು ಕಂಪನಿಯದು. ಸ್ವಲ್ಪ ದಿನಕ್ಕೇ ಸಣ್ಣ ಸಣ್ಣ ಅಂಚೆ ಕಚೇರಿ ನಡೆಸುವವರ ಲೆಕ್ಕದಲ್ಲಿ ಹಣ ಕಡಿಮೆ ಬರಲು ಶುರುವಾಯಿತು. ಪೆಟ್ಟಿಗೆಯಲ್ಲಿ ಇರುವುದೊಂದು, ಪರದೆಯಲ್ಲಿ ತೋರಿಸುವುದು ಇನ್ನೊಂದು. ಕಡಿಮೆ ಬಿದ್ದ ಹಣವನ್ನು ಅವರೇ ತುಂಬಿಕೊಡಬೇಕು ಎಂದು ಸಂಸ್ಥೆ ಹೇಳುತ್ತಿತ್ತು. ತುಂಬಿದರು. ಉಳಿತಾಯ ಕರಗಿಸಿದರು, ಸಾಲ ಮಾಡಿದರು, ಮನೆ ಕಳೆದುಕೊಂಡರು. ಸಹಾಯವಾಣಿಗೆ ಫೋನ್ ಮಾಡಿದರೆ, ಈ ಸಮಸ್ಯೆ ನಿಮ್ಮೊಬ್ಬರಿಗೇ ಇರುವುದು ಎಂಬ ಉತ್ತರ ಬರುತ್ತಿತ್ತು. ಎಷ್ಟೋ ಮಂದಿ ಮುಂದೆ ವಿಚಾರಣೆಯಲ್ಲಿ ಇದನ್ನೇ ಹೇಳಿದ್ದಾರೆ.

1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನ ಕಳ್ಳತನ, ಸುಳ್ಳು ಲೆಕ್ಕ, ಮೋಸ ಎಂದೆಲ್ಲ ಅಪರಾಧಿಗಳಾದರು. ಅದರಲ್ಲಿ ಬಹುಪಾಲು ಮೊಕದ್ದಮೆ ಹೂಡಿದ್ದು ಪೋಸ್ಟ್ ಆಫೀಸ್ ಸಂಸ್ಥೆಯೇ. ಜೈಲಿಗೆ ಹೋದವರಿದ್ದಾರೆ, ಗರ್ಭಿಣಿಯಾಗಿದ್ದಾಗ ಜೈಲಿಗೆ ಹೋದ ಹೆಣ್ಣುಮಗಳಿದ್ದಾಳೆ, ಜೀವ ಕಳೆದುಕೊಂಡವರಿದ್ದಾರೆ. ಹೊರೈಜನ್‌ನಲ್ಲಿ ಬಗ್‌ಗಳು, ಅಂದರೆ ಸಾಫ್ಟ್‌ವೇರ್ ತಪ್ಪುಗಳು ಇದ್ದವು. ಅದನ್ನು ನೋಡಿಕೊಳ್ಳುತ್ತಿದ್ದವರ ಬಳಿ, ಗೊತ್ತಿರುವ ತಪ್ಪುಗಳನ್ನು ಬರೆದಿಡುವ ದಾಖಲೆಯೇ ಇತ್ತು. ಕಚೇರಿ ನಡೆಸುವವರಿಗೆ ತಿಳಿಯದ ಹಾಗೆ ಅವರ ಲೆಕ್ಕವನ್ನು ದೂರದಿಂದ ಬದಲಾಯಿಸಲು ಆಗುವುದಿಲ್ಲ ಎಂದು ವರ್ಷಗಟ್ಟಲೆ ಹೇಳಿದರು. ಆಗುತ್ತಿತ್ತು. ಅಂಚೆ ಕಚೇರಿ ನಡೆಸುತ್ತಿದ್ದ ಅಲನ್ ಬೇಟ್ಸ್ ಮುಂದೆ ನಿಂತು 555 ಜನ ಸೇರಿ ಮೊಕದ್ದಮೆ ಹಾಕಿದ ಮೇಲೆ, 2019ರ ಡಿಸೆಂಬರಿನಲ್ಲಿ ಹೈಕೋರ್ಟು ಇದು ನಂಬುವಂಥ ವ್ಯವಸ್ಥೆ ಆಗಿರಲಿಲ್ಲ ಎಂದು ಹೇಳಿತು. ಎಲ್ಲರ ಶಿಕ್ಷೆ ಒಟ್ಟಿಗೆ ರದ್ದು ಮಾಡಲು 2024ರಲ್ಲಿ ಸಂಸತ್ತೇ ಕಾನೂನು ಮಾಡಬೇಕಾಯಿತು. ಕಾಲು ಶತಮಾನ ಆಗಿಹೋಗಿತ್ತು.

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಬಗ್ ಅಲ್ಲ, ಒಂದು ಕಾನೂನು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮೊದಲು ಒಂದು ನಿಯಮವಿತ್ತು. ಕಂಪ್ಯೂಟರ್ ದಾಖಲೆಯನ್ನು ಸಾಕ್ಷಿಯಾಗಿ ಕೊಡುವವರು, ಆ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದು ತೋರಿಸಬೇಕಿತ್ತು. 1999ರ ಒಂದು ಕಾಯ್ದೆ ಅದನ್ನು ತೆಗೆದುಹಾಕಿತು. ಆಮೇಲಿಂದ ಕಂಪ್ಯೂಟರ್ ಸರಿಯಾಗಿಯೇ ಇದೆ ಎಂದು ನ್ಯಾಯಾಲಯ ಮೊದಲೇ ನಂಬಿಕೊಂಡು ಶುರು ಮಾಡುತ್ತದೆ. ಇಲ್ಲ, ಕೆಟ್ಟಿದೆ ಅನ್ನುವವರು ಅದಕ್ಕೆ ಆಧಾರ ಕೊಡಬೇಕು. ಒಂದು ಸಣ್ಣ ಊರಿನ ಅಂಚೆ ಕೌಂಟರಿನ ಹಿಂದೆ ಕೂತವರು, ತಾವು ಕಣ್ಣಿಂದಲೇ ನೋಡದ ಕೋಡಿನಲ್ಲಿ ತಪ್ಪಿದೆ ಎಂದು ಹೇಗೆ ತೋರಿಸಬೇಕು? ಮನುಷ್ಯರನ್ನು ಅಪರಾಧ ಸಾಬೀತಾಗುವವರೆಗೆ ನಿರಪರಾಧಿ ಎಂದು ನೋಡಬೇಕು ಅನ್ನುತ್ತೇವೆ ಅಲ್ವಾ? ಇಲ್ಲಿ ಆ ರಕ್ಷಣೆ ಯಂತ್ರಕ್ಕೆ ಸಿಕ್ಕಿತು, ಮನುಷ್ಯರಿಗೆ ಸಿಗಲಿಲ್ಲ.

ಯಂತ್ರವನ್ನು ನಂಬಿ ಮನುಷ್ಯರ ಮಾತು ತಳ್ಳಿಹಾಕಿದ್ದು ಅದೇ ಮೊದಲೇನೂ ಅಲ್ಲ. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ, ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವ ಥೆರಾಕ್-25 ಎಂಬ ಯಂತ್ರ 6 ರೋಗಿಗಳಿಗೆ ಮಿತಿಮೀರಿದ ವಿಕಿರಣ ಹಾಯಿಸಿತು. ಕನಿಷ್ಠ 3 ಮಂದಿ ಅದರಿಂದಲೇ ಸತ್ತರು. ಮೈ ಸುಟ್ಟಿತು ಎಂದು ರೋಗಿ ಹೇಳಿದರೆ, ಅದು ಸಾಧ್ಯವೇ ಇಲ್ಲ ಎಂದು ಎದುರಿಗಿದ್ದವರು ಹೇಳಿದರು. ಆಸ್ಪತ್ರೆಯವರು ಕೇಳಿದರೆ ತಯಾರಕರೂ ಅದನ್ನೇ ಹೇಳಿದರು. ಯಂತ್ರದ ಪರದೆ 'ಮಾಲ್‌ಫಂಕ್ಷನ್ 54' ಎಂದು ತೋರಿಸುತ್ತಿತ್ತು. ಅದರ ಅರ್ಥ ಏನು ಎಂದು ಅದನ್ನು ನಡೆಸುವವರಿಗೆ ಯಾರೂ ಸರಿಯಾಗಿ ಹೇಳಿಕೊಟ್ಟಿರಲಿಲ್ಲ. ಇದಕ್ಕಿಂತ ಹಳೆಯ ಮಾದರಿ ಥೆರಾಕ್-20ರಲ್ಲೂ ಅಂಥದ್ದೇ ಸಾಫ್ಟ್‌ವೇರ್ ದೋಷ ಇತ್ತು. ಆದರೆ ಅದರಲ್ಲಿ ಅಪಾಯ ತಡೆಯುವ ಬೇರೆ ವಿದ್ಯುತ್ ಮತ್ತು ಯಾಂತ್ರಿಕ ಏರ್ಪಾಡು ಇದ್ದುದರಿಂದ ಫ್ಯೂಸ್ ಹೋಗುತ್ತಿತ್ತು ಅಷ್ಟೆ, ಯಾರೂ ಸಾಯುತ್ತಿರಲಿಲ್ಲ. ಸಾಫ್ಟ್‌ವೇರೇ ನೋಡಿಕೊಳ್ಳುತ್ತದೆ ಎಂಬ ಧೈರ್ಯದಲ್ಲಿ ಹೊಸ ಮಾದರಿಯಲ್ಲಿ ಆ ಏರ್ಪಾಡನ್ನು ತೆಗೆದರು. ಕೋಡ್ ಬರೆದವರು ಮಾಡಿದ ತಪ್ಪು ಒಂದು. ಆ ಧೈರ್ಯ ಇನ್ನೊಂದು, ಅದೇ ದೊಡ್ಡದು.

ಇವೆರಡೂ ಬಗ್‌ಗಳ ಕತೆ, ನಾವು ಕೊಳ್ಳುವುದರಲ್ಲಿ ಬಗ್ ಇರುವುದಿಲ್ಲ, ಚೆನ್ನಾಗಿ ಪರೀಕ್ಷೆ ಮಾಡಿಸುತ್ತೇವೆ ಎಂದು ನೀವು ಹೇಳಬಹುದು. ಸರಿ. ಹಾಗಾದರೆ ಒಂದೂ ಬಗ್ ಇಲ್ಲದೆ, ಬರೆದ ಹಾಗೆಯೇ ನಡೆದು ಜನರನ್ನು ಹಿಂಡಿದ ವ್ಯವಸ್ಥೆ ನೋಡೋಣ.

ಆಸ್ಟ್ರೇಲಿಯಾದ ರೋಬೋಡೆಟ್. ಅಲ್ಲಿ ಸರ್ಕಾರದಿಂದ ಭತ್ಯೆ ಪಡೆಯುವವರು ತಮ್ಮ ಆದಾಯವನ್ನು 2 ವಾರಕ್ಕೊಮ್ಮೆ ತಿಳಿಸಬೇಕಿತ್ತು. 2016ರಿಂದ ಕಂಪ್ಯೂಟರ್, ತೆರಿಗೆ ಇಲಾಖೆಯಲ್ಲಿದ್ದ ಅವರ ವರ್ಷದ ಆದಾಯವನ್ನು ತೆಗೆದುಕೊಂಡು, ಅದನ್ನು 2 ವಾರಗಳ 26 ತುಂಡು ಮಾಡಿ ಸಮನಾಗಿ ಹಂಚಿ, ಅವರು ಮೊದಲು ಹೇಳಿದ್ದಕ್ಕೆ ಹೋಲಿಸಿ ನೋಡಲು ಶುರು ಮಾಡಿತು. ಹೊಂದದಿದ್ದರೆ 'ನೀವು ಸರ್ಕಾರಕ್ಕೆ ಇಷ್ಟು ಬಾಕಿ' ಎಂಬ ಪತ್ರ. ವರ್ಷದಲ್ಲಿ 4 ತಿಂಗಳು ಕೆಲಸ ಮಾಡಿ, ಕೆಲಸ ಹೋಗಿ, ಮಿಕ್ಕ 8 ತಿಂಗಳು ಭತ್ಯೆ ಪಡೆದವರ ಲೆಕ್ಕ ಏನಾಗುತ್ತದೆ? ಆ 4 ತಿಂಗಳ ಸಂಬಳ ಇಡೀ ವರ್ಷಕ್ಕೆ ಹರಡುತ್ತದೆ. ಕೈಯಲ್ಲಿ ಒಂದು ಕಾಸೂ ಇಲ್ಲದಿದ್ದ ವಾರಗಳಲ್ಲೂ ಆದಾಯ ಇತ್ತು ಎಂದು ಕಂಪ್ಯೂಟರ್ ಹೇಳುತ್ತದೆ. ಇದಕ್ಕೆ ಕೃತಕ ಬುದ್ಧಿಮತ್ತೆ ಬೇಕಾಗಲಿಲ್ಲ. ಒಂದು ಭಾಗಾಕಾರ, ಅಷ್ಟೆ. ಆದರೆ ಆ ಭಾಗಾಕಾರದ ಒಳಗೆ, ಎಲ್ಲರ ಆದಾಯವೂ ವರ್ಷವಿಡೀ ಒಂದೇ ಸಮ ಬರುತ್ತದೆ ಅನ್ನುವ ನಂಬಿಕೆ ಕೂತಿತ್ತು. ಆ ನಂಬಿಕೆ ಯಾರದ್ದಿರಬಹುದು? ತಿಂಗಳು ತಿಂಗಳು ತಪ್ಪದೆ ಸಂಬಳ ಬರುವವರಿಗೆ ಅದು ತಪ್ಪು ಎಂದೇ ಅನ್ನಿಸುವುದಿಲ್ಲ ಎಂದು ನಾನು ಅಂದುಕೊಂಡಿದ್ದೇನೆ. ದಿನಗೂಲಿಯವರನ್ನು, ಆಗಾಗ ಕೆಲಸ ಸಿಗುವವರನ್ನು ಒಮ್ಮೆ ಕೂರಿಸಿ ಕೇಳಿದ್ದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತಿತ್ತು.

ಇಲ್ಲೂ ಭಾರ ಬಿದ್ದಿದ್ದು ಜನರ ತಲೆಯ ಮೇಲೆ. ವರ್ಷಗಳ ಹಿಂದಿನ ಸಂಬಳದ ಚೀಟಿ ತನ್ನಿ, ಇಲ್ಲದಿದ್ದರೆ ಹಣ ಕಟ್ಟಿ. ಎಷ್ಟೋ ಕಂಪನಿಗಳು ಮುಚ್ಚಿಹೋಗಿರುತ್ತವೆ, ಚೀಟಿ ಎಲ್ಲಿಂದ ತರಬೇಕು? 4 ಲಕ್ಷಕ್ಕೂ ಹೆಚ್ಚು ಜನ ಇದರಲ್ಲಿ ಸಿಕ್ಕಿಕೊಂಡರು. ಹೀಗೆ ಸರಾಸರಿ ಹಾಕಿ ಬಾಕಿ ಹೊರಿಸುವುದು ಕಾನೂನಿಗೆ ವಿರುದ್ಧ ಎಂದು 2019ರಲ್ಲಿ ಒಂದು ಪ್ರಕರಣದಲ್ಲಿ ಸರ್ಕಾರವೇ ನ್ಯಾಯಾಲಯದ ಮುಂದೆ ಒಪ್ಪಿಕೊಂಡಿತು. 2023ರಲ್ಲಿ ರಾಯಲ್ ಕಮಿಷನ್, ಅಂದರೆ ಸರ್ಕಾರ ನೇಮಿಸಿದ ವಿಚಾರಣಾ ಆಯೋಗದ ವರದಿ ಬಂತು. ಇದು ಒರಟು, ಕ್ರೂರ, ನ್ಯಾಯವೂ ಅಲ್ಲ ಕಾನೂನುಬದ್ಧವೂ ಅಲ್ಲ ಎಂದು ಅದು ಸ್ಪಷ್ಟವಾಗಿ ಬರೆಯಿತು. ನೆದರ್‌ಲೆಂಡ್ಸ್‌ನಲ್ಲೂ ಹೀಗೇ. ಮಕ್ಕಳ ಪಾಲನೆಗೆ ಕೊಡುವ ಭತ್ಯೆಯಲ್ಲಿ ಮೋಸ ಹುಡುಕುವ ವ್ಯವಸ್ಥೆ, ಡಚ್ ಪೌರತ್ವ ಇದೆಯೋ ಇಲ್ಲವೋ ಅನ್ನುವುದನ್ನೂ ಅಪಾಯದ ಲೆಕ್ಕಕ್ಕೆ ಸೇರಿಸಿಕೊಂಡಿತ್ತು. ಸಾವಿರಾರು ಕುಟುಂಬಗಳು ಸಾಲದಲ್ಲಿ ಮುಳುಗಿದವು, 2021ರ ಜನವರಿಯಲ್ಲಿ ಇಡೀ ಸರ್ಕಾರ ರಾಜೀನಾಮೆ ಕೊಟ್ಟಿತು.

ಈಗ ಒಂದು ಮಾತು ನಿಮ್ಮ ಟೆಂಡರ್ ಸಭೆಗಳಲ್ಲಿ ಕೇಳಿಬರುತ್ತದೆ: 'ನಮ್ಮ ಸಾಫ್ಟ್‌ವೇರ್‌ನಲ್ಲಿ ಜನಾಂಗ, ಲಿಂಗ ಇಂಥ ಕಾಲಂಗಳೇ ಇಲ್ಲ, ಹಾಗಾಗಿ ಪಕ್ಷಪಾತ ಬರಲು ಸಾಧ್ಯವಿಲ್ಲ.' ದಯವಿಟ್ಟು ಇದನ್ನು ನಂಬಬೇಡಿ.

2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಅಮೆರಿಕದ ಆಸ್ಪತ್ರೆಗಳಲ್ಲಿ, ಯಾವ ರೋಗಿಗೆ ವಿಶೇಷ ಆರೈಕೆ ಬೇಕು ಎಂದು ಆರಿಸಲು ತುಂಬಾ ಬಳಕೆಯಲ್ಲಿದ್ದ ಒಂದು ಲೆಕ್ಕಾಚಾರವನ್ನು ಸಂಶೋಧಕರು ಬಿಚ್ಚಿ ನೋಡಿದ್ದರು. ಅದರಲ್ಲಿ ಜನಾಂಗದ ಕಾಲಂ ಇರಲಿಲ್ಲ. ಅದು ಊಹಿಸುತ್ತಿದ್ದುದು ಒಂದೇ, ಮುಂದೆ ಈ ರೋಗಿಗೆ ಚಿಕಿತ್ಸೆಯ ಖರ್ಚು ಎಷ್ಟಾಗಬಹುದು ಅನ್ನುವುದು. ಜಾಸ್ತಿ ಕಾಯಿಲೆ ಇದ್ದವರಿಗೆ ಜಾಸ್ತಿ ಖರ್ಚಾಗುತ್ತದೆ, ಹಾಗಾಗಿ ಖರ್ಚು ಅಂದರೆ ಕಾಯಿಲೆಯ ಅಳತೆ ಎಂದು ಯಾರೋ ತೀರ್ಮಾನಿಸಿದ್ದರು. ಕೇಳಲು ಸರಿಯಾಗಿಯೇ ಇದೆ. ಆದರೆ ಅಷ್ಟೇ ಕಾಯಿಲೆ ಇದ್ದರೂ ಕಪ್ಪು ಜನರ ಮೇಲೆ ಆಗುತ್ತಿದ್ದ ಖರ್ಚು ಕಡಿಮೆ, ಏಕೆಂದರೆ ಅವರಿಗೆ ಚಿಕಿತ್ಸೆ ಸಿಗುತ್ತಿದ್ದುದೇ ಕಡಿಮೆ. ಮೊದಲೇ ಕಡಿಮೆ ಸಿಕ್ಕಿದ್ದವರನ್ನು ನೋಡಿ, ಇವರಿಗೆ ಅಷ್ಟು ಕಾಯಿಲೆ ಇಲ್ಲ ಎಂದು ಯಂತ್ರ ತಿಳಿದುಕೊಂಡಿತು. ಈ ಒಂದು ಕೊರತೆ ಸರಿ ಮಾಡಿದರೆ, ವಿಶೇಷ ಆರೈಕೆಗೆ ಆಯ್ಕೆಯಾಗುವವರಲ್ಲಿ ಕಪ್ಪು ರೋಗಿಗಳ ಪಾಲು ನೂರಕ್ಕೆ 17.7ರಿಂದ 46.5ಕ್ಕೆ ಏರುತ್ತದೆ ಎಂದು ಅಧ್ಯಯನ ತೋರಿಸಿತು. ಯಾರಿಗೂ ಕೆಟ್ಟ ಉದ್ದೇಶ ಇರಬೇಕಿಲ್ಲ. ಅಳೆಯಬೇಕಾದ್ದರ ಬದಲು ಸುಲಭವಾಗಿ ಸಿಗುವುದನ್ನು ಅಳೆದರೆ ಸಾಕು.

ಅಮೆಜಾನ್ ಕಂಪನಿಯ ಒಳಗೆ ಆದದ್ದೂ ಇದೇ. ಕೆಲಸಕ್ಕೆ ಬಂದ ಅರ್ಜಿಗಳಿಗೆ ಅಂಕ ಕೊಡುವ ಒಂದು ಸಾಧನವನ್ನು ಅವರು 2014ರಿಂದ ಕಟ್ಟುತ್ತಿದ್ದರು, ಹಿಂದಿನ 10 ವರ್ಷದ ಅರ್ಜಿಗಳನ್ನು ಅದಕ್ಕೆ ತೋರಿಸಿದ್ದರು. ಆ ಅರ್ಜಿಗಳಲ್ಲಿ ಬಹಳಷ್ಟು ಗಂಡಸರವು. ಹಾಗಾಗಿ ಮಹಿಳೆಯರ ಚೆಸ್ ಕ್ಲಬ್ಬಿನ ನಾಯಕಿ ಆಗಿದ್ದೆ ಅನ್ನುವಂಥ ಸಾಲು ಕಂಡರೆ ಅದು ಅಂಕ ಕಡಿಮೆ ಮಾಡುತ್ತಿತ್ತು. ಆ ಪದಗಳನ್ನು ಲೆಕ್ಕಕ್ಕೆ ಹಿಡಿಯದ ಹಾಗೆ ತಿದ್ದಿದರು, ಆದರೂ ಬೇರೆ ಯಾವುದಾದರೂ ದಾರಿಯಿಂದ ಅದೇ ಭೇದ ಒಳಗೆ ಬರುವುದಿಲ್ಲ ಎಂಬ ಭರವಸೆ ಅವರಿಗೇ ಇರಲಿಲ್ಲ. ಕೊನೆಗೆ ಆ ಕೆಲಸ ನಿಲ್ಲಿಸಿದರು. 2018ರಲ್ಲಿ ರಾಯಿಟರ್ಸ್ ಸುದ್ದಿ ಸಂಸ್ಥೆ ಇದನ್ನು ಹೊರಗೆ ತಂದಿತು. ನಿಲ್ಲಿಸುವ ಬುದ್ಧಿ ಬಂದದ್ದು ಒಳ್ಳೆಯದೇ. ಎಲ್ಲ ಕಡೆ ಅದು ಬರುವುದಿಲ್ಲ.

ಇನ್ನು 'ನಮ್ಮದು ನೂರಕ್ಕೆ 95 ಸರಿ' ಅನ್ನುವ ಮಾತು. ಯಾವ 95? ಆ ಉಳಿದ 5 ಯಾರು? ಅವರು ಎಲ್ಲ ಕಡೆ ಚದುರಿದ್ದಾರೋ ಅಥವಾ ಒಂದೇ ಗುಂಪಿನ ಜನರೋ? ಈ ಪ್ರಶ್ನೆ ಕೇಳದೆ ಸಹಿ ಹಾಕಬೇಡಿ. ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಸಂಶೋಧಕಿಯರು 2018ರಲ್ಲಿ ಕೇಳಿದ್ದು ಇದನ್ನೇ. ಫೋಟೊ ನೋಡಿ ಗಂಡೋ ಹೆಣ್ಣೋ ಎಂದು ಹೇಳುವ, ದೊಡ್ಡ ಕಂಪನಿಗಳ 3 ವ್ಯವಸ್ಥೆಗಳನ್ನು ಅವರು ಗುಂಪು ಗುಂಪಾಗಿ ಬಿಡಿಸಿ ಪರೀಕ್ಷೆ ಮಾಡಿದರು. ಬಿಳಿ ಚರ್ಮದ ಗಂಡಸರ ವಿಷಯದಲ್ಲಿ ತಪ್ಪು ನೂರಕ್ಕೆ 0.8ನ್ನು ಮೀರಲಿಲ್ಲ. ಕಪ್ಪು ಚರ್ಮದ ಹೆಂಗಸರ ವಿಷಯದಲ್ಲಿ ಅದು 34.7ರವರೆಗೆ ಹೋಯಿತು. ಒಟ್ಟು ಸರಾಸರಿ ನೋಡಿದ್ದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತಿತ್ತು.

ಇದು ಹೊಸ ಕಾಲದ ರೋಗ ಎಂದು ತಿಳಿಯಬೇಡಿ. ಬಣ್ಣದ ಫಿಲ್ಮ್ ಕಾಲದಲ್ಲಿ ಕೊಡಾಕ್ ಕಂಪನಿ, ಬಣ್ಣ ಸರಿಯಾಗಿ ಬಂದಿದೆಯೇ ಎಂದು ಹೋಲಿಸಿ ನೋಡಲು ಫೋಟೊ ಲ್ಯಾಬುಗಳಿಗೆ ಒಂದು ಕಾರ್ಡು ಕಳಿಸುತ್ತಿತ್ತು. ಅದಕ್ಕೆ ಶರ್ಲಿ ಕಾರ್ಡು ಎಂದು ಹೆಸರು. ಅದರಲ್ಲಿ ಇದ್ದದ್ದು ಒಬ್ಬ ಬಿಳಿ ಹೆಣ್ಣಿನ ಚಿತ್ರ. ಅವಳ ಚರ್ಮ ಚೆನ್ನಾಗಿ ಬಂದರೆ ಎಲ್ಲವೂ ಸರಿ. ಕಪ್ಪು ಜನರ ಮುಖ ಫೋಟೊದಲ್ಲಿ ಕಣ್ಣು, ಹಲ್ಲು ಬಿಟ್ಟರೆ ಬೇರೇನೂ ಕಾಣದ ಹಾಗೆ ಬರುತ್ತಿತ್ತು. ಅಲ್ಲಿ ಕೆಲಸ ಮಾಡಿದ್ದವರು ಮುಂದೆ ಹೇಳಿದ ಪ್ರಕಾರ, ಕಂದು ಬಣ್ಣಗಳು ಚೆನ್ನಾಗಿ ಬರುವ ಹಾಗೆ ಫಿಲ್ಮ್ ಸುಧಾರಿಸಲು ಒತ್ತಾಯ ಬಂದದ್ದು ಚಾಕೊಲೇಟ್ ಮತ್ತು ಮರದ ಪೀಠೋಪಕರಣ ಮಾರುವ ಕಂಪನಿಗಳಿಂದ. ಅವರ ಜಾಹೀರಾತಿನಲ್ಲಿ ಹಾಲಿನ ಚಾಕೊಲೇಟಿಗೂ ಕಪ್ಪು ಚಾಕೊಲೇಟಿಗೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲವಂತೆ. ಇದನ್ನು ಓದಿದಾಗ ನನಗೆ ತುಂಬಾ ಬೇಸರವಾಯಿತು. ಫೋಟೊದಲ್ಲಿ ತಮ್ಮ ಮಕ್ಕಳ ಮುಖ ಕಾಣದೆ ಹೋದ ತಾಯಂದಿರ ದೂರು ಯಾವ ಮೇಜಿಗೂ ತಲುಪಲಿಲ್ಲ, ದೊಡ್ಡ ಗಿರಾಕಿಯ ದೂರು ತಲುಪಿತು.

ಕೋವಿಡ್ ಸಮಯದಲ್ಲಿ ಎಲ್ಲರ ಬೆರಳಿಗೂ ಸಿಕ್ಕಿಸುತ್ತಿದ್ದ ಪಲ್ಸ್ ಆಕ್ಸಿಮೀಟರ್ ನೆನಪಿದೆಯಲ್ಲ? ಅದು ಚರ್ಮದ ಮೂಲಕ ಬೆಳಕು ಹಾಯಿಸಿ ರಕ್ತದ ಆಮ್ಲಜನಕ ಅಳೆಯುತ್ತದೆ. ಚರ್ಮದ ಬಣ್ಣವೂ ಬೆಳಕನ್ನು ಹೀರುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಂತ್ರ ಆಮ್ಲಜನಕದ ಮಟ್ಟ ನೂರಕ್ಕೆ 92ರಿಂದ 96 ಎಂದು ತೋರಿಸುತ್ತಿದ್ದಾಗಲೂ ರಕ್ತ ತೆಗೆದು ನೋಡಿದರೆ 88ಕ್ಕಿಂತ ಕಡಿಮೆ ಇದ್ದದ್ದು ಕಪ್ಪು ರೋಗಿಗಳಲ್ಲಿ ನೂರಕ್ಕೆ 11.7, ಬಿಳಿ ರೋಗಿಗಳಲ್ಲಿ 3.6. ದಶಕಗಳಿಂದ ಆಸ್ಪತ್ರೆಗಳಲ್ಲಿ ಇರುವ ಸಾಧನ ಅದು. ನನಗೆ ಉಸಿರಾಡಲು ಆಗುತ್ತಿಲ್ಲ ಎಂದು ರೋಗಿ ಹೇಳುತ್ತಿದ್ದರೆ, ಅಂಕಿ ಚೆನ್ನಾಗಿದೆ, ಮನೆಗೆ ಹೋಗಿ ಎಂದು ಹೇಳುವುದು ಎಷ್ಟು ಸುಲಭ, ನೀವೇ ಯೋಚಿಸಿ.

ನಿಮ್ಮ ಕಡೆಯ ವಾದವೂ ನನಗೆ ಗೊತ್ತು. ಅದು ಬಲವಾದದ್ದೇ. ಮನುಷ್ಯ ಅಧಿಕಾರಿಗೂ ಪೂರ್ವಗ್ರಹ ಇರುತ್ತದೆ. ಅವನಿಗೆ ಹಸಿವು, ಸಿಟ್ಟು, ಸುಸ್ತು, ಲಂಚದ ಆಸೆ ಎಲ್ಲ ಇರುತ್ತದೆ, ಯಂತ್ರಕ್ಕೆ ಅದಿಲ್ಲ. ನಿಜ. ಆದರೆ ಒಬ್ಬ ಅಧಿಕಾರಿಯ ಪೂರ್ವಗ್ರಹ ಅವನ ಮೇಜಿನ ಮುಂದೆ ಬಂದವರನ್ನು ಮಾತ್ರ ಮುಟ್ಟುತ್ತದೆ, ಪಕ್ಕದ ಮೇಜಿನಲ್ಲಿ ಇನ್ನೊಬ್ಬ ಇರುತ್ತಾನೆ. ಸಾಫ್ಟ್‌ವೇರ್‌ನ ಪೂರ್ವಗ್ರಹ ದೇಶದ ಎಲ್ಲ ಮೇಜಿನ ಮೇಲೂ ಒಂದೇ ದಿನ, ಒಂದೇ ರೀತಿ ಕೂರುತ್ತದೆ. ತಪ್ಪಿಸಿಕೊಂಡು ಹೋಗಲು ಪಕ್ಕದ ಮೇಜೇ ಇಲ್ಲ. ಅದರ ಜೊತೆಗೆ, ಯಂತ್ರದಲ್ಲಿ ಒಂದು ದೊಡ್ಡ ಒಳ್ಳೆಯ ಗುಣವೂ ಇದೆ. ಅದನ್ನು ಬಿಚ್ಚಿ ನೋಡಬಹುದು, ಅಳೆಯಬಹುದು, ತಿದ್ದಬಹುದು. ಆಸ್ಪತ್ರೆಯ ಲೆಕ್ಕಾಚಾರದ ತಪ್ಪು ಸಿಕ್ಕಿದ್ದೇ ಸಂಶೋಧಕರಿಗೆ ಅದರ ಒಳಗಿನ ಮಾಹಿತಿ ಸಿಕ್ಕಿದ್ದರಿಂದ. ಬಿಚ್ಚಲು ಬಿಡದಿದ್ದರೆ ಆ ಗುಣದಿಂದ ಏನು ಪ್ರಯೋಜನ?

ಬಿಡುವುದಿಲ್ಲ ಅನ್ನುವುದಕ್ಕೂ ಉದಾಹರಣೆ ಇದೆ. ಅಮೆರಿಕದ ಹಲವು ಕಡೆ, ಆರೋಪಿ ಮತ್ತೆ ಅಪರಾಧ ಮಾಡುವ ಸಂಭವ ಎಷ್ಟು ಎಂದು ಅಂಕ ಕೊಡಲು ಕಾಂಪಸ್ ಎಂಬ ಸಾಫ್ಟ್‌ವೇರ್ ಬಳಸುತ್ತಾರೆ. ವಿಸ್ಕಾನ್ಸಿನ್‌ನಲ್ಲಿ ಒಬ್ಬ, ನನಗೆ ಶಿಕ್ಷೆ ಕೊಡುವಾಗ ಬಳಸಿದ ಅಂಕ ಹೇಗೆ ಬಂತು ಎಂದು ನೋಡಲು ಬಿಡುತ್ತಿಲ್ಲ, ಅದು ಕಂಪನಿಯ ವ್ಯಾಪಾರದ ಗುಟ್ಟಂತೆ ಎಂದು ನ್ಯಾಯಾಲಯಕ್ಕೆ ಹೋದ. 2016ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಕೆಲವು ಎಚ್ಚರಿಕೆಗಳನ್ನು ಸೇರಿಸಿ ಬಳಕೆಗೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಪ್ರೊಪಬ್ಲಿಕಾ ಪತ್ರಕರ್ತರು ಫ್ಲೋರಿಡಾದ ಒಂದು ಕೌಂಟಿಯ ಅಂಕಗಳನ್ನು ಪರಿಶೀಲಿಸಿದರು. ಮುಂದೆ ಯಾವ ಅಪರಾಧವನ್ನೂ ಮಾಡದ ಕಪ್ಪು ಜನರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ಹೆಚ್ಚು ಅಪಾಯ ಎಂಬ ಹಣೆಪಟ್ಟಿ ಬಿದ್ದಿತ್ತು, ಬಿಳಿಯರಲ್ಲಿ ಸುಮಾರು 23 ಮಂದಿಗೆ. ಕಂಪನಿ ಇದನ್ನು ಒಪ್ಪಲಿಲ್ಲ. ಒಂದೇ ಅಂಕ ಪಡೆದ ಕಪ್ಪು ಜನ, ಬಿಳಿ ಜನ ಇಬ್ಬರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮತ್ತೆ ಸಿಕ್ಕಿಬೀಳುತ್ತಾರೆ, ಹಾಗಾಗಿ ಇದು ನ್ಯಾಯವೇ ಎಂದಿತು. ಆಮೇಲೆ ಗಣಿತ ಬಲ್ಲವರು ತೋರಿಸಿದ್ದು ಏನೆಂದರೆ, ಎರಡು ಗುಂಪುಗಳಲ್ಲಿ ಮತ್ತೆ ಬಂಧನವಾಗುವ ಪ್ರಮಾಣವೇ ಬೇರೆ ಬೇರೆ ಇದ್ದಾಗ, ತಪ್ಪು ಹಣೆಪಟ್ಟಿ ಎರಡೂ ಗುಂಪಿಗೆ ಸಮನಾಗಿ ಬೀಳುವುದು, ಒಂದೇ ಅಂಕಕ್ಕೆ ಎರಡೂ ಗುಂಪಿನಲ್ಲಿ ಒಂದೇ ಅರ್ಥ ಇರುವುದು, ಈ ಎರಡೂ ರೀತಿಯ ನ್ಯಾಯವನ್ನು ಒಟ್ಟಿಗೆ ಕೊಡಲು ಯಾವ ಸಾಫ್ಟ್‌ವೇರ್‌ಗೂ ಆಗುವುದಿಲ್ಲ. ಒಂದನ್ನು ಆರಿಸಲೇಬೇಕು. ಹಾಗಿದ್ದರೆ ಯಾರು ಆರಿಸಬೇಕು? ಕಂಪನಿಯ ಎಂಜಿನಿಯರ್ ಸುಮ್ನೆ ಒಂದು ಸಂಜೆ ಆರಿಸಿಬಿಡುವ ವಿಷಯವೇ ಇದು? ಜನರ ಮುಂದೆ, ಕಾರಣ ಕೊಟ್ಟು, ನಿಮ್ಮ ಹೆಸರಿನಲ್ಲಿ ನೀವು ಆರಿಸಬೇಕಾದದ್ದು. ಲೆಕ್ಕ ಯಂತ್ರದ್ದು ಎಂದು ಹೇಳಿ ಈ ಹೊಣೆಯಿಂದ ಜಾರಿಕೊಳ್ಳಲು ಬಿಡಲಾರೆವು.

'ಕೊನೆಯ ತೀರ್ಮಾನ ಮನುಷ್ಯರದ್ದೇ, ಯಂತ್ರ ಸಲಹೆ ಕೊಡುತ್ತದೆ ಅಷ್ಟೆ' ಅನ್ನುವುದೂ ನನಗೆ ಸಾಲುವುದಿಲ್ಲ. 2020ರ ಜನವರಿಯಲ್ಲಿ ಅಮೆರಿಕದ ಡೆಟ್ರಾಯಿಟ್ ಪೊಲೀಸರು, ಮುಖ ಗುರುತಿಸುವ ಸಾಫ್ಟ್‌ವೇರ್ ಕೊಟ್ಟ ಹೆಸರನ್ನು ನಂಬಿ, ಮಾಡದ ವಾಚು ಕಳ್ಳತನಕ್ಕೆ ಒಬ್ಬರನ್ನು ಅವರ ಹೆಂಡತಿ ಮಕ್ಕಳ ಎದುರಿಗೇ ಹಿಡಿದುಕೊಂಡು ಹೋದರು. ಅಂಗಡಿಯ ಕ್ಯಾಮೆರಾ ಚಿತ್ರವನ್ನು ತಮ್ಮ ಮುಖದ ಪಕ್ಕ ಹಿಡಿದು, ಇದು ನಾನಲ್ಲ ಎಂದು ಅವರೇ ತೋರಿಸಬೇಕಾಯಿತು. ಅದಕ್ಕೂ ಮೊದಲು ಆ ಫೈಲ್ ಎಷ್ಟು ಮನುಷ್ಯರ ಕೈ ದಾಟಿರಬೇಕು! ಎಲ್ಲರೂ ಯಂತ್ರದ ಉತ್ತರ ನೋಡಿ ತಲೆಯಾಡಿಸಿದ್ದರು. ದಿನಕ್ಕೆ ನೂರು ಫೈಲ್ ಮುಗಿಸಬೇಕಾದ ಗುಮಾಸ್ತನಿಗೆ ಯಂತ್ರದ ಮಾತು ಮೀರಲು ಸಮಯವೂ ಇಲ್ಲ, ಧೈರ್ಯವೂ ಇಲ್ಲ. ಮೀರಿ ತಪ್ಪಾದರೆ ಅವನ ತಪ್ಪು, ಮೀರದೆ ತಪ್ಪಾದರೆ ಯಂತ್ರದ ತಪ್ಪು. ಹೀಗಿದ್ದಾಗ ಅವನು ಏನು ಮಾಡುತ್ತಾನೆ ಎಂದು ನಿಮಗೂ ಗೊತ್ತು.

ನಾನು ಹೇಳಬೇಕು ಎಂದು ಹೊರಟ ಮುಖ್ಯ ವಿಷಯ ಇನ್ನೊಂದು ಉದಾಹರಣೆಯಲ್ಲಿದೆ. 2020ರಲ್ಲಿ ಕೋವಿಡ್‌ನಿಂದ ಇಂಗ್ಲೆಂಡಿನಲ್ಲಿ ಎ-ಲೆವೆಲ್ ಪರೀಕ್ಷೆ ನಡೆಯಲಿಲ್ಲ. ಕಾಲೇಜು ಸೇರಲು ಬೇಕಾದ ಗ್ರೇಡನ್ನು ಒಂದು ಲೆಕ್ಕಾಚಾರ ನಿರ್ಧರಿಸಿತು. ಆ ಶಾಲೆಯ ಹಳೆಯ ಫಲಿತಾಂಶ ಅದರಲ್ಲಿ ದೊಡ್ಡ ಪಾತ್ರ ವಹಿಸಿತು. ಶಿಕ್ಷಕರು ಅಂದಾಜು ಮಾಡಿದ್ದಕ್ಕಿಂತ ನೂರಕ್ಕೆ ಸುಮಾರು 39 ಗ್ರೇಡುಗಳು ಕೆಳಗೆ ಇಳಿದವು. ಹಿಂದುಳಿದ ಶಾಲೆಯಲ್ಲಿ ಓದಿದ ಜಾಣ ಹುಡುಗಿಗೆ, ಅವಳಿಗಿಂತ ಮೊದಲು ಅಲ್ಲಿ ಓದಿದವರ ಅಂಕ ಅಂಟಿಕೊಂಡಿತು. ಆಗಸ್ಟ್ 13ಕ್ಕೆ ಫಲಿತಾಂಶ, ಆಗಸ್ಟ್ 17ಕ್ಕೆ ಸರ್ಕಾರ ಅದನ್ನು ಕೈಬಿಟ್ಟಿತು. ನಾಲ್ಕೇ ದಿನ! ಅದೇ ದೇಶದ ಅಂಚೆ ಕಚೇರಿಯವರಿಗೆ 20 ವರ್ಷಕ್ಕೂ ಹೆಚ್ಚು ಬೇಕಾಯಿತು.

ಏಕೆ ಈ ವ್ಯತ್ಯಾಸ? ವಿದ್ಯಾರ್ಥಿಗಳಿಗೆ ಏಟು ಬಿದ್ದದ್ದು ಒಂದೇ ಬೆಳಗ್ಗೆ. ಎಲ್ಲರೂ ಒಬ್ಬರಿಗೊಬ್ಬರು ಕಾಣುತ್ತಿದ್ದರು, ಫೋನಿನಲ್ಲಿ ಕೇಳಿಕೊಂಡರು, ಬೀದಿಗೆ ಬಂದರು. ಇದು ನನ್ನೊಬ್ಬಳ ದುರದೃಷ್ಟ ಅಲ್ಲ ಎಂದು ಮಧ್ಯಾಹ್ನದೊಳಗೆ ಗೊತ್ತಾಯಿತು. ಅಂಚೆ ಕಚೇರಿಯವರು ಊರೂರಿನಲ್ಲಿ ಒಬ್ಬೊಬ್ಬರೇ ಇದ್ದರು, ನಿಮ್ಮೊಬ್ಬರಿಗೇ ಹೀಗೆ ಎಂದು ಹೇಳಿಸಿಕೊಂಡರು, ನಾಚಿಕೆಯಲ್ಲಿ ನೆರೆಯವರಿಗೂ ಹೇಳಲಿಲ್ಲ. ರೋಬೋಡೆಟ್ ಪತ್ರಗಳೂ ಒಂದೊಂದು ಮನೆಗೆ ಒಂದೊಂದಾಗಿ ಬಂದವು. ಸಾಫ್ಟ್‌ವೇರ್‌ನ ತಪ್ಪು ಎಷ್ಟು ಕಾಲ ಬದುಕುತ್ತದೆ ಅನ್ನುವುದು, ಅದರಿಂದ ಪೆಟ್ಟು ತಿಂದವರನ್ನು ನೀವು ಎಷ್ಟು ಕಾಲ ಒಂಟಿಯಾಗಿ ಇಡುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ಹಾಗಾಗಿ ನಾನು ಕೇಳುವುದರಲ್ಲಿ ಮೊದಲನೆಯದು ತಂತ್ರಜ್ಞಾನದ್ದೇ ಅಲ್ಲ. ದೂರುಗಳನ್ನು ಲೆಕ್ಕ ಇಡಿ, ಆ ಲೆಕ್ಕವನ್ನು ಪ್ರಕಟಿಸಿ. ಈ ತಿಂಗಳು ಈ ವ್ಯವಸ್ಥೆಯ ಬಗ್ಗೆ ಎಷ್ಟು ಮಂದಿ ತಪ್ಪು ಎಂದರು, ಯಾವ ಬಗೆಯ ತಪ್ಪು, ಎಷ್ಟನ್ನು ಪರಿಶೀಲಿಸಿ ಬದಲಾಯಿಸಿದಿರಿ, ಎಲ್ಲರಿಗೂ ಕಾಣುವ ಹಾಗೆ ಹಾಕಿ. ಎರಡನೇ ದೂರು ಕೊಡುವವರಿಗೆ ಮೊದಲನೆಯವರು ಇದ್ದಾರೆ ಎಂದು ಗೊತ್ತಾಗಲಿ. ಯಂತ್ರ ಸರಿಯಾಗಿದೆ ಎಂದು ತೋರಿಸುವ ಭಾರ ಅದನ್ನು ಬಳಸುವ ನಿಮ್ಮ ಮೇಲಿರಲಿ. ಅಲ್ಲಿಯವರೆಗೆ ಹಣ ವಸೂಲಿ, ಬಂಧನ, ಭತ್ಯೆ ನಿಲ್ಲಿಸುವುದು ಯಾವುದೂ ಬೇಡ. ಯಂತ್ರದ ಉತ್ತರ ಮೀರುವ ಅಧಿಕಾರ ಇರುವ ಒಬ್ಬ ಮನುಷ್ಯ ಬೇಕು, ಅವನಿಗೆ ಸಮಯ ಕೊಡಿ. ವರ್ಷದಲ್ಲಿ ಅವನು ಒಮ್ಮೆಯೂ ಮೀರದಿದ್ದರೆ, ಯಂತ್ರ ಅಷ್ಟು ಚೆನ್ನಾಗಿದೆ ಎಂದು ಖುಷಿ ಪಡುವ ಮೊದಲು ಹೋಗಿ ವಿಚಾರಿಸಿ. ಕೊಳ್ಳುವ ಮುಂಚೆ ತಪ್ಪಿನ ಪ್ರಮಾಣವನ್ನು ಗುಂಪು ಗುಂಪಾಗಿ ಬಿಡಿಸಿ ಕೇಳಿ. ಇದು ನಿಜವಾಗಿ ಅಳೆಯುತ್ತಿರುವುದು ಏನನ್ನು ಎಂದು ಕೇಳಿ, ಉತ್ತರ ಅರ್ಥವಾಗುವವರೆಗೆ ಕೇಳಿ. ಹೊರಗಿನವರು ಪರೀಕ್ಷಿಸಲು ಬಿಡದ ಕಂಪನಿಯಾದರೆ, ಎಷ್ಟೇ ಅಗ್ಗವಾಗಿ ಕೊಟ್ಟರೂ ಬೇಡ ಎನ್ನಿ. ಮತ್ತು ಈ ವ್ಯವಸ್ಥೆ ಯಾರ ಬದುಕಿನ ಮೇಲೆ ಬೀಳುತ್ತದೋ ಅವರಲ್ಲಿ ಕೆಲವರನ್ನು ಮೊದಲ ದಿನದಿಂದಲೇ ಕೂರಿಸಿಕೊಳ್ಳಿ, ಸಂಬಳ ಕೊಟ್ಟೇ ಕೂರಿಸಿಕೊಳ್ಳಿ.

ಎಂಜಿನಿಯರುಗಳೇ, ನಿಮಗೆ ಹೇಳುವುದು ಸ್ವಲ್ಪವೇ. ನಿಮ್ಮ ಕೋಡಿನಲ್ಲಿ ತಪ್ಪು ಇರುತ್ತದೆ, ಅದಕ್ಕೆ ಯಾರೂ ನಿಮ್ಮನ್ನು ದೂರಬಾರದು. ಆದರೆ ಗೊತ್ತಾದ ತಪ್ಪನ್ನು ಒಳಗಿನ ದಾಖಲೆಯಲ್ಲಿ ಬರೆದಿಟ್ಟು ಸುಮ್ಮನಾದರೆ, ಯಾವುದೋ ನ್ಯಾಯಾಲಯದಲ್ಲಿ ನೀವು ನೋಡಿರದ ಯಾರೋ ಅದಕ್ಕೆ ಬೆಲೆ ತೆರುತ್ತಿರಬಹುದು. ಮೇಲಿನವರಿಗೆ ಬರೆದು ತಿಳಿಸಿ. ಅಧಿಕಾರಿಗಳೇ, ಹಾಗೆ ತಿಳಿಸಿದವರ ಕೆಲಸ ಹೋಗದ ಹಾಗೆ ಒಪ್ಪಂದದಲ್ಲೇ ಬರೆಸಿ.

ಈ ಪತ್ರಕ್ಕೆ ನನಗೆ ಸಾರ್ವಜನಿಕವಾಗಿ ಉತ್ತರ ಬೇಕು. ನಿಮ್ಮ ಇಲಾಖೆಯಲ್ಲಿ ಈಗ ಜನರ ಬಗ್ಗೆ ತೀರ್ಮಾನ ಮಾಡುತ್ತಿರುವ ಸಾಫ್ಟ್‌ವೇರ್‌ಗಳು ಯಾವುವು, ಪ್ರತಿಯೊಂದಕ್ಕೂ ಸಹಿ ಹಾಕಿದವರು ಯಾರು, ಅದು ತಪ್ಪು ಎಂದು ಇದುವರೆಗೆ ಎಷ್ಟು ಮಂದಿ ಬಂದು ಹೇಳಿದ್ದಾರೆ, ಅವರಿಗೆ ಏನು ಉತ್ತರ ಕೊಟ್ಟಿರಿ? ನಾಲ್ಕೇ ಪ್ರಶ್ನೆ. ಕೊನೆಯ ಎರಡಕ್ಕೆ ನಿಮ್ಮಲ್ಲಿ ಲೆಕ್ಕವೇ ಇಲ್ಲದಿದ್ದರೆ, ಇಲ್ಲ ಎಂದೇ ಬರೆಯಿರಿ. ಅಲ್ಲಿಂದಲೇ ಶುರು ಮಾಡೋಣ.

ಇಂತಿ,
ನಿಮ್ಮ ಸಹಿಯ ಕೆಳಗೆ ಬದುಕುವ ಜನರಲ್ಲಿ ಒಬ್ಬರು